ತಡವಾಗಿ ನಡೆಯುವ ಮಗು, ತಡಮಾಡುವ ನಾವು

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆಯ ಪ್ರಬೋಧನೆ ನಡೆಯುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿದ್ದ ಮೂರು ವರ್ಷದ ಬಾಲಕನೊಬ್ಬ ಗಟ್ಟಿಯಾಗಿ ಕೂಗತೊಡಗಿದ. ನಾಲ್ಕಾರು ತಲೆಗಳು ಹಿಂದಕ್ಕೆ ತಿರುಗಿದವು. ಮಗುವನ್ನೆತ್ತಿಕೊಂಡು ಹೊರನಡೆದ ತಾಯಿ, ಪೂಜೆ ಮುಗಿಯುವವರೆಗೂ ಅಂಗಳದ ಮಾವಿನ ಮರದ ಕೆಳಗೆ ನಿಂತಿದ್ದರು. ಬಳಿಕ ಮಾತನಾಡಿಸಿದಾಗ, "ಮುಂದಿನ ವಾರದಿಂದ ನಾನೊಬ್ಬಳೇ ಬರುತ್ತೇನೆ, ಇವನನ್ನು ಅತ್ತೆಯವರ ಬಳಿ ಬಿಡುತ್ತೇನೆ" ಎಂದಷ್ಟೇ ಹೇಳಿದರು. ಪತಿ ಗಲ್ಫಿನಲ್ಲಿದ್ದಾರೆ. ಮಗು ನಡೆಯಲಾರಂಭಿಸಿದ್ದು ಎರಡು ವರ್ಷ ಕಳೆದ ಮೇಲೆ; ಮಾತು ಇನ್ನೂ ಬಂದಿಲ್ಲ.

ಇಂತಹ ತಾಯಿಗೆ ನಾವು ಸಾಮಾನ್ಯವಾಗಿ ಹೇಳುವ ಮಾತುಗಳು ಯಾವುವು? "ಹೆದರಬೇಡಿ, ಗಂಡುಮಕ್ಕಳಿಗೆ ಮಾತು ಬರುವುದೇ ತಡ." "ನಮ್ಮ ಭಾವನೂ ಐದು ವರ್ಷದವರೆಗೆ ಮಾತನಾಡಿರಲಿಲ್ಲ, ಈಗ ದೊಡ್ಡ ವಕೀಲರು." ಹೇಳುವವರ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಮಾತುಗಳನ್ನು ನಂಬಿಕೊಂಡು ಆ ತಾಯಿ ಒಂದೂವರೆ ವರ್ಷ ಕಾದಿದ್ದರು. ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷಗಳಲ್ಲಿ ಅರ್ಧಭಾಗ ನಮ್ಮ ಸಾಂತ್ವನಕ್ಕೇ ವ್ಯಯವಾಯಿತೆಂದರೆ ಕಟುವಾದೀತು, ಆದರೂ ಅದು ಸತ್ಯ. ಹೆತ್ತವರಿಗೆ ನಿಜವಾದ ಧೈರ್ಯ ತುಂಬಬಯಸುವವರು ಮೊದಲು ಅವರ ಆತಂಕವನ್ನು ಒಪ್ಪಿಕೊಳ್ಳಬೇಕು. ಅನಂತರ ವೈದ್ಯರ ಬಳಿಗೆ ಅವರೊಡನೆ ಹೊರಡಬೇಕು.

ಒಂಬತ್ತು ತಿಂಗಳಾದರೂ ಆಧಾರವಿಲ್ಲದೆ ಕುಳಿತುಕೊಳ್ಳದ, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡದ, ಒಂದೂವರೆ ವರ್ಷವಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದಗಳನ್ನು ಜೋಡಿಸದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಕಲಿತ ಮಾತನ್ನೇ ಮರೆಯತೊಡಗಿದ ಮಗುವನ್ನಂತೂ ತಡಮಾಡದೆ ಕರೆದೊಯ್ಯಬೇಕು. ಮಾತು ಬಾರದಿದ್ದರೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ; ಕೇಳಿಸದಿರುವುದೇ ಕಾರಣವಾಗಿದ್ದರೆ ಅದಕ್ಕೆ ಪರಿಹಾರವುಂಟು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಸೇವೆ ನಮ್ಮ ರಾಜ್ಯದಲ್ಲೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತವೆ. ಅಂಗನವಾಡಿಯೆಂದರೆ ಮೂಗು ಮುರಿದು, ಮಗುವನ್ನು ನೇರವಾಗಿ ಖಾಸಗಿ ನರ್ಸರಿಗೆ ಸೇರಿಸುವ ನಮ್ಮಂಥವರ ಮಕ್ಕಳೇ ಈ ತಪಾಸಣೆಯಿಂದ ತಪ್ಪಿಹೋಗುತ್ತಾರೆ ಎಂಬುದನ್ನೂ ಹೇಳದೆ ಗತ್ಯಂತರವಿಲ್ಲ.

ವೈದ್ಯರು ಕಾರಣ ಹೇಳಿದ ಮೇಲೂ, ಕೆಲವೊಮ್ಮೆ ಕಾರಣವೇ ತಿಳಿಯದಾಗಲೂ, ತಾಯಂದಿರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಸುರಿಯಿದ್ದಾಗ ಏನು ತಿಂದೆ, ಯಾವ ಭಾರ ಎತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಮನೆಯ ಹಿರಿಯರು ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾವ ತಲೆಮಾರಿನ ಪಾಪವೋ ಎನ್ನುವುದುಂಟು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಇಬ್ಬರೂ ಅಲ್ಲವೆಂದು ಯೇಸುಸ್ವಾಮಿ ಅಂದೇ ಉತ್ತರ ಕೊಟ್ಟಾಯಿತು. ಎರಡು ಸಾವಿರ ವರ್ಷಗಳಾದರೂ ನಾವು ಅದೇ ಪ್ರಶ್ನೆಯನ್ನು ಹಿಡಿದುಕೊಂಡು ಕುಳಿತಿದ್ದೇವೆ.

ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ. ವಾರಕ್ಕೊಮ್ಮೆ ತಜ್ಞರು ಮುಕ್ಕಾಲು ಗಂಟೆ ಕಲಿಸಿದ್ದನ್ನು ತಾಯಿ, ಅಜ್ಜಿ, ಅಣ್ಣ, ಅಕ್ಕಂದಿರು ದಿನವಿಡೀ ಮಾಡಿಸಬೇಕು. ಸ್ನಾನದ ಹೊತ್ತಿಗೆ ಕೈ ಎಲ್ಲಿ, ಕಾಲು ಎಲ್ಲಿ ಎಂದು ಕೇಳುವುದು, ಗಂಜಿ ಉಣಿಸುವಾಗ ಮಗು ಬೇಕೆಂದು ಸನ್ನೆ ಮಾಡುವವರೆಗೆ ಒಂದು ಕ್ಷಣ ಚಮಚ ತಡೆಹಿಡಿಯುವುದು, ಇವೇ ಪಾಠಗಳು. ಅಳು ನಿಲ್ಲಿಸಲು ಮೊಬೈಲನ್ನು ಕೈಗಿಡುವುದು ಸುಲಭ. ಆದರೆ ಮೊಬೈಲು ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕರಾವಳಿಯಲ್ಲಿ ವಿಶೇಷವಾಗಿ ಕಾಣಿಸುತ್ತದೆ. ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಇಗರ್ಜಿಯಲ್ಲಿ ಕನ್ನಡ, ಇದರಿಂದಲೇ ಮಗು ಗಲಿಬಿಲಿಗೊಂಡಿದೆ, ಇನ್ನು ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆ! ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಅಜ್ಜಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವಿಗೆ ಲಾಲಿ ಹಾಡಿಸುವುದರಿಂದ ಯಾವ ಪ್ರಯೋಜನ?

ಹಕ್ಕುಗಳ ವಿಷಯವನ್ನೂ ಹೆತ್ತವರು ಅರಿತಿರಬೇಕು. ವಿಕಲಚೇತನರ ಹಕ್ಕುಗಳ 2016ರ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ನಿಗದಿತ ಪ್ರಮಾಣದ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ ಹಾಗೂ ಬಹುನ್ಯೂನತೆ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ಉಂಟು. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹೆಸರು ಅಂಟಿಕೊಳ್ಳುತ್ತದೆ ಎಂಬ ಭಯ ಸಹಜವೇ. ಆದರೆ ಆ ಕಾಗದವಿಲ್ಲದೆ ಸೌಲಭ್ಯಗಳ ಬಾಗಿಲು ತೆರೆಯದು.

ಇನ್ನು ಧರ್ಮಕೇಂದ್ರದ ಮಾತು. ಇಂತಹ ಮಗುವಿಗೆ ಮುಂದೆ ಪ್ರಥಮ ಪರಮಪ್ರಸಾದ ಸಿಕ್ಕೀತೇ ಎಂಬ ಪ್ರಶ್ನೆ ಹಲವು ತಾಯಂದಿರ ಮನದಲ್ಲಿದೆ. ನ್ಯೂನತೆಯುಳ್ಳವರಿಗೆ ಸಂಸ್ಕಾರಗಳನ್ನು ನಿರಾಕರಿಸಲಾಗದೆಂದು 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮಬೋಧನೆಯ ಮಾರ್ಗದರ್ಶಿ ಸ್ಪಷ್ಟವಾಗಿ ತಿಳಿಸಿದೆ. ಆದರೆ ಪರಮಪ್ರಸಾದದವರೆಗೆ ಹೋಗುವುದಕ್ಕೆ ಮೊದಲು ಬೆಂಚಿನಲ್ಲಿ ಜಾಗ ಬೇಕಲ್ಲ! ಮೂರು ವರ್ಷದ ಮಗುವಿನ ಕೂಗಿನಿಂದ ಕೆಡುವಷ್ಟು ದುರ್ಬಲವಾಗಿದೆಯೇ ನಮ್ಮ ಭಕ್ತಿ? ವಾಳೆಯ ಗುರಿಕಾರರು ಇಂತಹ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರಲಿ. ಆಸ್ಪತ್ರೆಗೆ ಹೋಗುವ ದಿನ ಯಾರಾದರೂ ರಿಕ್ಷಾದಲ್ಲಿ ಜೊತೆಗೂಡಲಿ, ಒಂದು ಸಂಜೆ ಎರಡು ತಾಸು ಮಗುವನ್ನು ನೋಡಿಕೊಂಡು ತಾಯಿಗೆ ನಿದ್ದೆ ಮಾಡಲು ಬಿಡಲಿ.

ಆ ತಾಯಿಯನ್ನು ಕಳೆದ ವಾರ ಮತ್ತೆ ಭೇಟಿಯಾದೆ. ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಜೊತೆಗೆ ಹೋಗಿ ಮಗುವಿನ ಕಿವಿಯ ಪರೀಕ್ಷೆ ಮಾಡಿಸಿದ್ದಾರೆ. ಶ್ರವಣಶಕ್ತಿ ಚೆನ್ನಾಗಿದೆ, ಮಾತಿನ ತರಬೇತಿ ಆರಂಭವಾಗಿದೆ. ತಾಯಿ ಒಂದು ಹಳೆಯ ಡೈರಿಯಲ್ಲಿ ಮಗು ಹೊಸದಾಗಿ ಮಾಡಿದ್ದನ್ನೆಲ್ಲ ತಾರೀಕು ಹಾಕಿ ಬರೆದಿಡುತ್ತಿದ್ದಾರೆ, ಗಲ್ಫಿನಲ್ಲಿರುವ ಪತಿಗೆ ರಾತ್ರಿ ಓದಿ ಹೇಳಲು. ನಾನು ನೋಡಿದ ಪುಟದಲ್ಲಿ ಒಂದೇ ಸಾಲಿತ್ತು: ಅಂಗಳದ ಕೋಳಿಯನ್ನು ಕೈಬೀಸಿ "ಬಾ" ಎಂದು ಕರೆದ.