ಹೊಸ ಊರಿನಲ್ಲಿ ನಿಮಗೆ ನಡೆಯಲು ದಾರಿ ಇದೆಯೇ?

ಯಜಮಾನರಿಗೆ ವರ್ಗಾವಣೆ ಆಗಿದೆ ಅಂದುಕೊಳ್ಳಿ. ಎರಡು ಮೂರು ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಮನೆಯಲ್ಲಿ ಚರ್ಚೆ ಶುರು. ಮಕ್ಕಳಿಗೆ ಒಳ್ಳೆ ಶಾಲೆ ಎಲ್ಲಿದೆ? ಬಾಡಿಗೆ ಎಷ್ಟು? ನಲ್ಲಿ ನೀರು ದಿನಾ ಬರುತ್ತದೋ, ವಾರಕ್ಕೊಮ್ಮೆಯೋ? ಅತ್ತೆಯವರ ಬಿ.ಪಿ., ಶುಗರ್ ನೋಡಲು ಡಾಕ್ಟರ್ ಹತ್ತಿರದಲ್ಲಿದ್ದಾರೆಯೇ? ರೈಲಿನ ಅನುಕೂಲ ಹೇಗೆ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಆ ಪಟ್ಟಿಯಲ್ಲಿ ನಿಮ್ಮದು ಅಂತ ಒಂದಾದರೂ ಪ್ರಶ್ನೆ ಇದೆಯಾ, ಹೇಳಿ?

ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದವರು, ಬೆಟ್ಟ ಹತ್ತಿದವರು, ಹೊಲದ ಬದುವಿನ ಮೇಲೆ ಓಡಾಡಿ ಬೆಳೆದವರು. ಮದುವೆಯಾದ ಮೇಲೆ 'ಹೊರಗಡೆ' ಅಂದರೆ ತರಕಾರಿ ಮಾರ್ಕೆಟ್ಟು, ಶಾಲೆಯ ಗೇಟು ಮತ್ತು ಬಟ್ಟೆ ಒಣಹಾಕುವ ಮಾಳಿಗೆ, ಅಷ್ಟೇ. "ನನಗೆ ದಿನಾ ಒಂದು ತಾಸು ಬಯಲಿನಲ್ಲಿ ನಡೆಯಬೇಕು, ಅಂಥ ಊರು ನೋಡ್ರಿ" ಅಂದರೆ ಮನೆಮಂದಿ ನಗುತ್ತಾರೆ. ಅದೇ ಯಜಮಾನರು ಹೊಸ ಊರಿನಲ್ಲಿ ಷಟಲ್ ಆಡುವ ಜಾಗ ಎಲ್ಲಿದೆ ಅಂತ ಫೋನಿನಲ್ಲಿ ವಿಚಾರಿಸಿದರೆ ಯಾರೂ ನಗುವುದಿಲ್ಲ!

ಇದು ಶೋಕಿಯ ಮಾತಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆಯಿಂದ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. "ಮನೆಗೆಲಸ ಮಾಡ್ತೀಯಲ್ಲ, ಅದೇ ವ್ಯಾಯಾಮ" ಅನ್ನುವವರಿದ್ದಾರೆ. ಮನೆಗೆಲಸದಲ್ಲಿ ಸೊಂಟ ನೋಯುತ್ತದೆ, ನಿಜ. ಆದರೆ ಆಕಾಶ ಕಾಣುವುದಿಲ್ಲ, ಬಿಸಿಲು ತಾಗುವುದಿಲ್ಲ, ಮನಸ್ಸು ಹಗುರಾಗುವುದಿಲ್ಲ. ಬಯಲು ಬೇಕು ಅನ್ನುವುದು ನಲ್ಲಿ ನೀರು ಬೇಕು ಅನ್ನುವಷ್ಟೇ ಸಹಜವಾದ ಅಗತ್ಯ ಅನ್ನುವುದು ನನ್ನ ಅಭಿಪ್ರಾಯ.

ಸುಲ್ತಾನನೂ ಹೀಗೇ ಆರಿಸಿದ

ನಾನಿರುವುದು ಬೀದರ್ ನಗರದ ನೌಬಾದದಲ್ಲಿ. ಈ ಊರನ್ನು ಆರು ನೂರು ವರ್ಷಗಳ ಹಿಂದೆ ಒಬ್ಬ ಬಯಲುಪ್ರೇಮಿ ಆರಿಸಿದ ಅಂತ ಇಲ್ಲಿನವರು ಇಂದಿಗೂ ಕಥೆ ಹೇಳುತ್ತಾರೆ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹ್ಮದ್ ಶಾಹ ಗುಲಬರ್ಗಾದಿಂದ ರಾಜಧಾನಿಯನ್ನು ಬೀದರಿಗೆ ತಂದ. ಬೇಟೆಗೆ ಬಂದಾಗ ಅವನ ನಾಯಿಗಳು ಒಂದು ನರಿಯನ್ನು ಅಟ್ಟಿಸಿಕೊಂಡು ಹೋದವಂತೆ, ನರಿ ತಿರುಗಿ ನಾಯಿಗಳ ಮೇಲೇ ಬಿತ್ತಂತೆ. ನರಿಗೇ ಇಷ್ಟು ಧೈರ್ಯ ಕೊಡುವ ನೆಲ ಸಾಮಾನ್ಯದ್ದಲ್ಲ ಅಂತ ಇಲ್ಲೇ ನೆಲೆ ನಿಂತನಂತೆ. ಕಥೆ ಹೇಗೂ ಇರಲಿ, ಆರಿಸಿದ ಜಾಗ ಚೆನ್ನಾಗಿದೆ. ಸಮುದ್ರಮಟ್ಟದಿಂದ 2,200 ಅಡಿಗೂ ಎತ್ತರ, ತಂಪುಗಾಳಿ, ಕೆಂಪು ಜಂಬಿಟ್ಟಿಗೆ ನೆಲ. ಬೇಗಂ ಸಾಹೇಬರನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ, ಕಥೆ ಮಾತ್ರ ಹೇಳುವುದಿಲ್ಲ!

ಆದರೆ ಗಾಳಿ ಚೆನ್ನಾಗಿದೆ ಅಂದಮಾತ್ರಕ್ಕೆ ಊರು ನಡೆಯುವುದಿಲ್ಲ, ನೀರು ಬೇಕು. ಅದಕ್ಕೇ ಆ ಕಾಲದವರು ಪರ್ಷಿಯಾ ಕಡೆಯ ತಂತ್ರ ತಂದು ನೆಲದಡಿ ಸುರಂಗ ಕೊರೆಸಿದರು. ನಮ್ಮ ನೌಬಾದದ ಕರೇಜ್ ಅಂದರೆ ಅದೇ. ಪಂಪಿಲ್ಲ, ಮೋಟಾರಿಲ್ಲ, ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತದೆ. ಗಾಳಿ ಬೆಳಕಿಗಾಗಿ ಮೇಲಿನಿಂದ ಅಲ್ಲಲ್ಲಿ ಬಾವಿ ತೋಡಿದ್ದಾರೆ. ಎಷ್ಟೋ ಕಾಲ ಹೂಳು ತುಂಬಿ ಮರೆತೇ ಹೋಗಿದ್ದ ಇದನ್ನು 2015ರ ಸುಮಾರಿಗೆ ತೆರವುಗೊಳಿಸುವ ಕೆಲಸ ನಡೆಯಿತು. ಊರು ಆರಿಸುವಾಗ ಮೇಲಿನ ಚೆಂದದ ಜೊತೆ ಕೆಳಗಿನ ವ್ಯವಸ್ಥೆಯನ್ನೂ ನೋಡಬೇಕು ಅನ್ನುವ ಪಾಠ ಇದರಲ್ಲಿದೆ.

ನೋಡುವ ಊರು ಬೇರೆ, ಬಾಳುವ ಊರು ಬೇರೆ

ಬಯಲು ಇಷ್ಟಪಡುವವರು ಸಾಮಾನ್ಯವಾಗಿ ಪ್ರವಾಸದ ಫೋಟೋ ನೋಡಿ ಊರು ಮೆಚ್ಚುತ್ತಾರೆ. ಮಡಿಕೇರಿ ಎಷ್ಟು ಹಸಿರು ಅಂತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕೊಡೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ, ಬಟ್ಟೆ ಒಣಗುವುದಿಲ್ಲ. ಮಂಗಳೂರಿನ ಕಡಲತೀರ ಸೊಗಸು, ಆದರೆ ಆ ಸೆಕೆಯಲ್ಲಿ ಹತ್ತು ಗಂಟೆಗೆ ನಡೆಯಲಾದೀತೇ? ಬೆಂಗಳೂರಿನ ಲಾಲ್‌ಬಾಗ್ 240 ಎಕರೆ ಇದೆ, ಆದರೆ ನೀವು ಮನೆ ಮಾಡಿದ್ದು ಯಲಹಂಕದಲ್ಲಾದರೆ ಅದು ನಿಮ್ಮ ಪಾಲಿಗೆ ಭಾನುವಾರದ ಲಾಲ್‌ಬಾಗ್ ಅಷ್ಟೇ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ, ಧಾರವಾಡದಲ್ಲಿ ವಿಶ್ವವಿದ್ಯಾಲಯದ ಆವರಣದ ಸುತ್ತ ಮನೆ ಸಿಕ್ಕವರು ಪುಣ್ಯವಂತರು. ಅದೇ ಮೈಸೂರಿನ ಇನ್ನೊಂದು ಮೂಲೆಯಲ್ಲಿ ಮನೆ ಸಿಕ್ಕರೆ ಕಥೆ ಬೇರೆ.

ಹಾಗಾಗಿ ನನ್ನ ಅಳತೆಗೋಲು ಒಂದೇ. ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ, ಮಕ್ಕಳ ಟಿಫಿನ್ ಡಬ್ಬಿ ಕಟ್ಟುವ ಮೊದಲು, ನೀವು ಒಬ್ಬರೇ ನಡೆದು ಹತ್ತು ನಿಮಿಷದಲ್ಲಿ ತಲುಪಬಹುದಾದ ಬಯಲು ಎಲ್ಲಿದೆ? ವರ್ಷಕ್ಕೊಮ್ಮೆ ಹೋಗುವ ಜಲಪಾತಕ್ಕಿಂತ ದಿನಾ ಹೋಗುವ ಕೆರೆ ದಂಡೆ ಮೇಲು.

ಒಂದೇ ಜಿಲ್ಲೆ, ಮೂರು ಊರು

ನಮ್ಮ ಜಿಲ್ಲೆಗೇ ವರ್ಗವಾಗಿ ಬರುವವರು "ನೌಬಾದದಲ್ಲಿ ಮನೆ ಮಾಡೋಣವೋ, ಭಾಲ್ಕಿಯಲ್ಲೋ, ಔರಾದದಲ್ಲೋ?" ಅಂತ ಕೇಳುವುದುಂಟು. ಭಾಲ್ಕಿ, ಔರಾದ ಎರಡೂ ಬೀದರಿನಿಂದ ಸುಮಾರು 40 ಕಿ.ಮೀ. ಮೂರನ್ನೂ ಈ ಅಳತೆಗೋಲಿನಲ್ಲಿ ಅಳೆದು ನೋಡೋಣ.

ನೌಬಾದ ಬೀದರ್ ನಗರದ್ದೇ ಭಾಗ. ಉದಗೀರ್ ರಸ್ತೆಯ ಬರೀದಶಾಹಿ ಉದ್ಯಾನದಲ್ಲಿ ಹಳೆಯ ಗೋರಿಗಳ ಸುತ್ತ ಬೆಳಿಗ್ಗೆ ಸಂಜೆ ಜನ ನಡೆಯುತ್ತಾರೆ, ಹೆಂಗಸರೂ ಇರುತ್ತಾರೆ. ಪಾಪನಾಶದ ಗುಡಿ, ಕೆರೆ ಅದೇ ಕಡೆಗಿವೆ. ರಜೆಯ ದಿನ ಮಕ್ಕಳನ್ನು ಕಟ್ಟಿಕೊಂಡು ಹೋಗಲು ಕೋಟೆಯ ವಿಶಾಲ ಬಯಲು, ಅಷ್ಟೂರಿನ ಗುಂಬಜ್‌ಗಳಿವೆ. ವಿಲಾಸಪುರ ಕೆರೆ, ಹೊನ್ನಿಕೇರಿ ಕಾಡಿನ ಕಡೆ ಹೋದರೆ ಅದೃಷ್ಟವಿದ್ದಾಗ ಚಿಗರಿ ಹಿಂಡು ಕಾಣುತ್ತದೆ. ತಲೆಯ ಮೇಲೆ ವಾಯುಪಡೆಯ ಸೂರ್ಯಕಿರಣ ತಂಡದ ಕಸರತ್ತು ಪುಕ್ಕಟೆ. ಇನ್ನು ಕೊರತೆ ಕೇಳಿ. ಇದು ನಾಲ್ಕು ದಿಕ್ಕಿನ ವಾಹನಗಳು ಕೂಡುವ ಜಾಗ, ಲಾರಿಗಳ ಓಡಾಟ ಜಾಸ್ತಿ. ಎಷ್ಟೋ ಕಡೆ ಫುಟ್‌ಪಾತ್ ಇಲ್ಲ, ಇದ್ದಲ್ಲಿ ಗಾಡಿ ನಿಂತಿರುತ್ತದೆ. ಕೈಗಾರಿಕಾ ಪ್ರದೇಶದ ಕಡೆ ಮನೆ ಹಿಡಿಯುವ ಮೊದಲು ರಾತ್ರಿ ಗಾಳಿ ಹೇಗಿರುತ್ತದೆ ಅಂತ ಅಕ್ಕಪಕ್ಕದ ಹೆಣ್ಣುಮಕ್ಕಳನ್ನೇ ಕೇಳಿ.

ಭಾಲ್ಕಿ ಚಿಕ್ಕ ಊರು, ಊರೊಳಗೇ ಹಳೆಯ ಕೋಟೆ, ರೈಲು ನಿಲ್ದಾಣದ ಅನುಕೂಲ. ಕಾರಂಜಾ ಜಲಾಶಯ ಇದೇ ತಾಲ್ಲೂಕಿನಲ್ಲಿದೆ, ಹಕ್ಕಿ ನೋಡುವ ಹವ್ಯಾಸದವರಿಗೆ ನೀರಿನ ದಂಡೆಗಿಂತ ಇನ್ನೇನು ಬೇಕು? ಆದರೆ ಚಿಕ್ಕ ಊರಿನಲ್ಲಿ ನೀವು ಗೇಟು ದಾಟಿದರೆ ಸಾಕು, "ಎಲ್ಲಿಗೆ ಹೊಂಟೀರಿ ವೈನಿ, ಇಷ್ಟ್ ಲಗೂನ?" ಅಂತ ನಾಲ್ಕು ಮನೆಯವರು ಕೇಳುತ್ತಾರೆ. ಮೊದಲು ಕಿರಿಕಿರಿ ಅನ್ನಿಸಬಹುದು. ಆದರೆ ಅದೇ ನಾಲ್ಕು ಮನೆಯವರು, ನೀವು ತಡವಾಗಿ ಬಂದರೆ ಹುಡುಕಿಕೊಂಡು ಬರುವವರೂ ಹೌದು. ಇದು ಕಾವಲೋ, ಕಣ್ಗಾವಲೋ ಅನ್ನುವುದು ನಿಮ್ಮ ಸ್ವಭಾವಕ್ಕೆ ಬಿಟ್ಟಿದ್ದು.

ಔರಾದ ಕರ್ನಾಟಕದ ತುತ್ತತುದಿ, ರಾಜ್ಯದ ಉತ್ತರ ತುದಿಯ ತಾಲ್ಲೂಕು. ಮಾಂಜ್ರಾ ನದಿ, ತೊಗರಿ, ಜೋಳ, ಸೋಯಾ ಹೊಲಗಳು, ಕಣ್ಣು ಹಾಯಿಸಿದಷ್ಟೂ ಬಯಲು. ಪಟ್ಟಣದ ಸದ್ದಿಲ್ಲದ ನಡಿಗೆ ಬೇಕೆನ್ನುವವರಿಗೆ ಸ್ವರ್ಗ. ಆದರೆ ಪಟ್ಟಣದಲ್ಲಿ ರೈಲು ನಿಲ್ದಾಣ ಇಲ್ಲ, ದೊಡ್ಡ ಆಸ್ಪತ್ರೆಗೆ ಬೀದರಿಗೇ ಬರಬೇಕು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮುದ್ದೆ ಮುದ್ದೆಯಾಗಿ ಅಂಟುತ್ತದೆ. ಬೀದರಿನ ಕೆಂಪು ನೆಲ ಮಳೆ ನಿಂತ ಸ್ವಲ್ಪ ಹೊತ್ತಿಗೆ ನಡೆಯಲು ಬರುತ್ತದೆ, ಎರೆ ಹೊಲದ ದಾರಿಗೆ ದಿನಗಳೇ ಬೇಕು. ಇಂಥದ್ದನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುವುದಿಲ್ಲ!

ನನ್ನನ್ನು ಕೇಳಿದರೆ, ಹೊಸದಾಗಿ ಬರುವ, ಒಬ್ಬರೇ ನಡೆಯಬೇಕಾದ ಗೃಹಿಣಿಗೆ ನೌಬಾದವೇ ಸರಿ. ಬಯಲು ಔರಾದದಲ್ಲೇ ಹೆಚ್ಚು, ಒಪ್ಪಿದೆ. ಆದರೆ ಇಲ್ಲಿ ಆಗಲೇ ನಡೆಯುತ್ತಿರುವ ಹೆಂಗಸರಿದ್ದಾರೆ. ಜೊತೆಗೆ ನಡೆಯುವವರು ಮೊದಲೇ ಇದ್ದರೆ ಔರಾದಕ್ಕೆ ಧಾರಾಳವಾಗಿ ಹೋಗಿ. ದೂರದ ತವರಿಗೆ ಮೇಲಿಂದ ಮೇಲೆ ರೈಲು ಹತ್ತುವವರಿಗೆ ಭಾಲ್ಕಿ ಅನುಕೂಲ. ಮೂರೂ ಕಡೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಡಿಗೆಯ ಸುಗ್ಗಿ. ಬೀದರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು, ಸ್ವೆಟರ್ ಮರೆಯಬೇಡಿ. ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ ಏಳರೊಳಗೆ ಮನೆ ಸೇರಿಬಿಡಿ.

ಒಪ್ಪುವ ಮೊದಲು ಹೀಗೆ ಮಾಡಿ

ಯಾವ ಊರಾದರೂ ಸರಿ, ಹೂಂ ಅನ್ನುವ ಮೊದಲು ಒಂದು ದಿನದ ಮಟ್ಟಿಗೆ ನೀವೂ ಹೋಗಿ. ರಜೆಯ ದಿನ ಬೇಡ, ಕೆಲಸದ ದಿನ ಹೋಗಿ. ಆದರೆ ಆ ಊರಿನ ಕಷ್ಟದ ಕಾಲದಲ್ಲಿ ಹೋಗಿ. ಕರಾವಳಿಯಾದರೆ ಜುಲೈ, ನಮ್ಮ ಕಡೆಯಾದರೆ ಮೇ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಎರಡು ಸಲ ನೋಡಿ. ಎಷ್ಟು ಜನ ಹೆಂಗಸರು ಒಂಟಿಯಾಗಿ ನಡೆಯುತ್ತಿದ್ದಾರೆ, ಎಣಿಸಿ. ಊರು ಸುರಕ್ಷಿತವೇ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ಇಲ್ಲ. ಬೀದಿ ದೀಪ ಉರಿಯುತ್ತವೆಯೇ, ನಾಯಿಗಳ ಹಿಂಡು ಎಲ್ಲಿ ಕೂತಿರುತ್ತದೆ, ಹತ್ತಿರದಲ್ಲಿ ಉಪಯೋಗಿಸುವಂಥ ಶೌಚಾಲಯ ಇದೆಯೇ ನೋಡಿ. ಇದನ್ನು ಕೇಳಲು ನಾಚಿಕೆ ಬೇಡ. ನೀರು ಬಿಡುವ ಹೊತ್ತು ಯಾವುದು ಅಂತಲೂ ತಿಳಿದುಕೊಳ್ಳಿ. ಬೆಳಿಗ್ಗೆ ಆರಕ್ಕೇ ನಲ್ಲಿ ಬಂದರೆ ಉದ್ಯಾನ ಎದುರಿಗಿದ್ದರೂ ನೀವು ಕೊಡದ ಮುಂದೆಯೇ!

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಇಲ್ಲ. ಊರು ನೋಡಿ ಬರುವುದಕ್ಕೂ, ಹೊಸ ಊರಿಗೆ ಬಂದ ಮೇಲೆ ಸುತ್ತಲಿನ ಜಾಗ ಸುತ್ತುವುದಕ್ಕೂ ಇದು ಒದಗುತ್ತದೆ.

"ನಮ್ಮನ್ನು ಯಾರು ಕೇಳ್ತಾರ್ರೀ, ಆದೇಶ ಬಂದಲ್ಲಿಗೆ ಹೋಗೋದು" ಅನ್ನುತ್ತೀರಾ? ನಿಜ, ಬಹಳ ಮನೆಗಳಲ್ಲಿ ಊರು ನಮ್ಮ ಕೈಯಲ್ಲಿಲ್ಲ. ಆದರೆ ಆ ಊರಿನಲ್ಲಿ ಯಾವ ಬಡಾವಣೆ, ಯಾವ ಮನೆ ಅನ್ನುವುದರಲ್ಲಿ ನಮ್ಮ ಮಾತು ನಡೆಯುತ್ತದೆ. ಅಡುಗೆಮನೆ ನೋಡುತ್ತೀರಿ, ಪೂರ್ವದ ಬಾಗಿಲು ನೋಡುತ್ತೀರಿ. ಹಾಗೆಯೇ ಮನೆಯಿಂದ ಬಯಲಿಗೆ ಹೋಗುವ ದಾರಿಯನ್ನೂ ನಡೆದು ನೋಡಿ. ದೊಡ್ಡ ಹಾಲ್ ಇರುವ ಮನೆಗಿಂತ ಕೆರೆಗೆ ಹತ್ತಿರದ ಸಣ್ಣ ಮನೆ ನಿಮಗೆ ಹೆಚ್ಚು ಜಾಗ ಕೊಟ್ಟೀತು. ಹಿರಿಯರ ಡಾಕ್ಟರ್, ಮಕ್ಕಳ ಶಾಲೆ ಮೊದಲು ಬರಲಿ, ಬೇಡ ಅನ್ನುವುದಿಲ್ಲ. ನಿಮ್ಮ ಪ್ರಶ್ನೆ ನಾಲ್ಕನೆಯದಾದರೂ ಆಗಲಿ, ಆದರೆ ಪಟ್ಟಿಯಲ್ಲಿರಲಿ.

ಮನೆ ಸೇರಿದ ಮೇಲೆ ಸಾಮಾನು ಜೋಡಿಸುವುದು ಮುಗಿಯಲಿ ಅಂತ ಕಾಯಬೇಡಿ, ಅದು ಮುಗಿಯುವಂಥದ್ದಲ್ಲ. ಮೊದಲ ವಾರವೇ ಹೊರಡಿ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಕಂಡು ಯಾರಾದರೂ ನಕ್ಕರೆ ನೀವೂ ನಗಿ. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು ನೋಡುತ್ತಿದ್ದರೆ "ಬರ್ರೀ ಅಕ್ಕಾ, ಇಲ್ಲೇ ಕೆರೆ ತನಕ" ಅಂತ ಕರೆಯಿರಿ. ಇವತ್ತು ಇಬ್ಬರು, ತಿಂಗಳಿಗೆ ಆರು ಜನ. ಆರು ಜನ ಹೆಂಗಸರು ದಿನಾ ನಡೆಯುವ ದಾರಿಗೆ ಬೀದಿ ದೀಪ ಹಾಕಿಸಿ ಅಂತ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ನಿಮ್ಮ ನಂತರ ಆ ಊರಿಗೆ ಬರುವ ಇನ್ನೊಬ್ಬಾಕೆ ಬೆಳಿಗ್ಗೆ ಆರಕ್ಕೆ ಹೆಂಗಸರನ್ನು ಎಣಿಸುವಾಗ, ಆ ಲೆಕ್ಕದಲ್ಲಿ ನೀವಿರುತ್ತೀರಿ.