ಎತ್ತಿಗೆ ಜ್ವರ, ಎಮ್ಮೆಗೆ ಬರೆ: ವೈಸ್ ಸಿಟಿ ರಿಪೇರಿಯ ಕಥೆ

ಪಿಯುಸಿ ಓದುವಾಗ ನಮ್ಮಲ್ಲಿ ನಾಲ್ಕು ಜನ ಕಾಲೇಜು ಬಿಟ್ಟ ಕೂಡಲೇ ತಾಲ್ಲೂಕು ಬಸ್ ಸ್ಟ್ಯಾಂಡ್ ಎದುರಿನ ಸೈಬರ್‌ಗೆ ನುಗ್ಗುತ್ತಿದ್ದೆವು. ಗಂಟೆಗೆ 20 ರೂಪಾಯಿ. ಒಬ್ಬರು ಆಡುವುದು, ಮೂವರು ಹಿಂದೆ ನಿಂತು ಬುದ್ಧಿ ಹೇಳುವುದು. ಆಟ ಯಾವುದು ಅಂತ ನಿಮಗೆ ಗೊತ್ತೇ ಇದೆ: ವೈಸ್ ಸಿಟಿ. ಮಿಷನ್ ಮುಗಿಸಿದವರು ನಮ್ಮಲ್ಲಿ ಯಾರೂ ಇಲ್ಲ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಚೀಟ್ ಕೋಡ್ ಬರೆದುಕೊಂಡು ಹೋಗಿ ಟ್ಯಾಂಕ್ ತರಿಸಿ ಓಡಿಸುವುದೇ ಆಟ. ಆ ವಯಸ್ಸಿಗೆ ಆಡಬಾರದ ಆಟ, ಆ ಸೈಬರ್‌ನಲ್ಲಿದ್ದದ್ದು ದುಡ್ಡು ಕೊಟ್ಟು ತಂದ ಕಾಪಿಯೂ ಅಲ್ಲ. ಎರಡನ್ನೂ ಒಪ್ಪಿಕೊಂಡೇ ಮಾತು ಶುರು ಮಾಡುತ್ತೇವೆ.

ಈಗ ನಮ್ಮ ತಮ್ಮಂದಿರು ಕೇಳುವ ಪ್ರಶ್ನೆ ಒಂದಿದೆ. 'ಅಣ್ಣಾ, ಹಳೇ ಜಿಟಿಎ ಮೂರೂ ಸೇರಿಸಿ ಹೊಸದಾಗಿ ಮಾಡಿದ್ದಾರಲ್ಲ, ತಗೊಳ್ಳಬಹುದಾ?' ಒಂದೇ ಮಾತಿನಲ್ಲಿ ಉತ್ತರ ಹೇಳಲು ನಮಗೆ ಆಗುತ್ತಿಲ್ಲ. ಅದಕ್ಕೇ ಈ ಬರಹ.

ಮೊದಲು ರಿಮಾಸ್ಟರ್ ಅಂದರೇನು ಅಂತ ಹೇಳಿಬಿಡೋಣ. 1971ರ 'ಕಸ್ತೂರಿ ನಿವಾಸ' ಕಪ್ಪು ಬಿಳುಪು ಸಿನಿಮಾ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಥಿಯೇಟರಿಗೆ ತಂದರು. ಕಥೆ ಅದೇ, ರಾಜ್‌ಕುಮಾರ್ ಅವರೇ, ಬಣ್ಣ ಮಾತ್ರ ಹೊಸದು. ಗೇಮ್‌ಗಳಲ್ಲೂ ಹಾಗೇ. ಹಳೇ ಆಟದ ಚಿತ್ರ, ಬೆಳಕು, ಕಂಟ್ರೋಲ್ ಎಲ್ಲ ತಿದ್ದಿ, ಎರಡು ಮೂರು ಆಟ ಸೇರಿಸಿ ಒಂದು ಕಟ್ಟು ಮಾಡಿ ಮಾರುತ್ತಾರೆ. ತಪ್ಪೇನಿಲ್ಲ. ಹಳೇ ಡಿಸ್ಕ್ ಇವತ್ತಿನ ಯಂತ್ರದಲ್ಲಿ ಓಡುವುದಿಲ್ಲ, ಯಾರಾದರೂ ಈ ಕೆಲಸ ಮಾಡಲೇಬೇಕು.

ಜಿಟಿಎ ಕಟ್ಟಿನಲ್ಲಿ ಮೂರು ಆಟ: 2001ರ ಜಿಟಿಎ 3, 2002ರ ವೈಸ್ ಸಿಟಿ, 2004ರ ಸ್ಯಾನ್ ಆಂಡ್ರಿಯಾಸ್. 'ಡೆಫಿನಿಟಿವ್ ಎಡಿಷನ್' ಅಂತ ಹೆಸರು. ಅಂದರೆ ಇದೇ ಕೊನೆ, ಇದಕ್ಕಿಂತ ಚೆನ್ನಾಗಿ ಬರೋದಿಲ್ಲ ಅಂತ ಅರ್ಥ. ರಾಕ್‌ಸ್ಟಾರ್ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2021ರ ನವೆಂಬರ್ 11ರಂದು. ಬೆಲೆ 60 ಡಾಲರ್. ಆಗಿನ ಲೆಕ್ಕಕ್ಕೆ ನಮ್ಮ ದುಡ್ಡಿನಲ್ಲಿ ನಾಲ್ಕೂವರೆ ಸಾವಿರದ ಹತ್ತಿರ. ಹೊಚ್ಚ ಹೊಸ ದೊಡ್ಡ ಆಟಕ್ಕೂ ಆಗ ಅಷ್ಟೇ ಬೆಲೆ ಇದ್ದದ್ದು.

ಬಂದ ದಿನವೇ ಬಣ್ಣ ಬಯಲಾಯಿತು. ಮಳೆ ಬಂದರೆ ಬಿಳೀ ಗೆರೆ ಎಳೆದ ಹಾಗೆ ಪರದೆ ತುಂಬ ಸುರಿಯುತ್ತಿತ್ತು, ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಪಾತ್ರಗಳ ಮುಖ ಊದಿಕೊಂಡ ಗೊಂಬೆಯ ಹಾಗೆ. ಅಂಗಡಿ ಬೋರ್ಡುಗಳಲ್ಲಿ ಕಾಗುಣಿತ ತಪ್ಪು. ಹಳೇ ಆಟದ ಮಸುಕು ಚಿತ್ರಗಳನ್ನು ಕಂಪ್ಯೂಟರ್ ಪ್ರೋಗ್ರಾಂಗೆ ಕೊಟ್ಟು ದೊಡ್ಡದು ಮಾಡಿಸಿದ್ದರು. ಅದಕ್ಕೆ ಇಂಗ್ಲಿಷ್ ಓದಲು ಬರುತ್ತದೆಯೇ? ಅಕ್ಷರವನ್ನು ಗೆರೆ ಅಂದುಕೊಂಡು ಇನ್ನೇನೋ ಬರೆಯಿತು. ಒಂದು ಡೋನಟ್ ಅಂಗಡಿ ಇದೆ, ಹೆಸರಿನಲ್ಲೇ 'ನಟ್' ಅನ್ನುವ ಪದದ ತಮಾಷೆ. ಅದಕ್ಕೇ ಅದರ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ ಇಟ್ಟಿದ್ದರು. ಹೊಸ ಆವೃತ್ತಿಯಲ್ಲಿ ಅದರ ಮೂಲೆಗಳನ್ನೆಲ್ಲ ಸವರಿ ಬಳೆಯ ಹಾಗೆ ದುಂಡಗೆ ಮಾಡಿಬಿಟ್ಟಿದ್ದರು. ಜೋಕೂ ಹೋಯಿತು, ನಟ್ಟೂ ಹೋಯಿತು.

ನಮಗೆ ಎಲ್ಲಕ್ಕಿಂತ ಬೇಜಾರಾದದ್ದು ಮಂಜಿನ ವಿಷಯ. ಹಳೇ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರ ನೋಡಿದರೆ ಎಲ್ಲ ಮಬ್ಬು. ಆಗಿನ ಯಂತ್ರಕ್ಕೆ ಅಷ್ಟು ದೂರದ್ದನ್ನೆಲ್ಲ ಒಟ್ಟಿಗೆ ತೋರಿಸುವ ತಾಕತ್ತು ಇರಲಿಲ್ಲ, ಅದನ್ನು ಮಂಜಿನಲ್ಲಿ ಮುಚ್ಚಿದ್ದರು. ಆದರೆ ಆ ಮಬ್ಬಿನಿಂದಲೇ ಆ ನಾಡು ನಮಗೆ ಮುಗಿಯದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಂದು ಊರಿನಿಂದ ಇನ್ನೊಂದಕ್ಕೆ ಬೈಕ್ ಓಡಿಸಿದರೆ ನಿಜಕ್ಕೂ ಜಿಲ್ಲೆ ದಾಟಿದ ಹಾಗೆ. ಹೊಸದರಲ್ಲಿ ಮಂಜು ತೆಗೆದರು. ಬೆಟ್ಟದ ತುದಿಗೆ ಹೋಗಿ ನಿಂತರೆ ದೂರದ ಊರುಗಳೆಲ್ಲ ಪಗಡೆ ಹಾಸಿನ ಹಾಗೆ ಕಾಲಬುಡದಲ್ಲೇ ಕಂಡವು. ಇದು ಬಗ್ ಅಲ್ಲ, ಪ್ಯಾಚ್ ಹಾಕಿ ಮುಚ್ಚುವ ತೂತೂ ಅಲ್ಲ. ಆ ಮಂಜು ಯಾಕಿತ್ತು ಅಂತ ಯಾರೂ ಯೋಚಿಸಿರಲಿಲ್ಲ, ಅಷ್ಟೆ.

ಕಂಪ್ಯೂಟರ್‌ನಲ್ಲಿ ಆಡುವವರ ಪಾಡು ಇನ್ನೂ ಒಂದು ತೂಕ ಹೆಚ್ಚು. ಬಿಡುಗಡೆಯಾದ ಬೆನ್ನಿಗೇ ಆ ಆವೃತ್ತಿಯನ್ನು ಕೆಲವು ದಿನ ಮಾರಾಟದಿಂದಲೇ ತೆಗೆದರು. ಒಳಗೆ ಇರಬಾರದ ಫೈಲ್‌ಗಳು ಉಳಿದುಬಿಟ್ಟಿವೆ ಅಂತ ಕಾರಣ ಕೊಟ್ಟರು.

ಈಗ ಬೈಗುಳದ ವಿಷಯಕ್ಕೆ ಬರೋಣ. ತಿದ್ದುವ ಕೆಲಸ ಮಾಡಿದ್ದು ರಾಕ್‌ಸ್ಟಾರ್ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ಗ್ರೋವ್ ಸ್ಟ್ರೀಟ್ ಗೇಮ್ಸ್ ಎಂಬ ಸಣ್ಣ ಸ್ಟುಡಿಯೋಗೆ ಗುತ್ತಿಗೆ ಕೊಟ್ಟಿದ್ದರು. ನೀವು ಫೋನಿನಲ್ಲಿ ಸ್ಯಾನ್ ಆಂಡ್ರಿಯಾಸ್ ಆಡಿದ್ದರೆ ಇವರ ಕೈಕೆಲಸವನ್ನೇ ಆಡಿದ್ದೀರಿ, ಆಗ ಆ ಸ್ಟುಡಿಯೋಗೆ ಬೇರೆ ಹೆಸರಿತ್ತು. ಜನರ ಸಿಟ್ಟೆಲ್ಲ ನೇರ ಇವರ ಮೇಲೆ ಬಿತ್ತು. ಕೆಲಸಗಾರರಿಗೆ ಸೋಷಿಯಲ್ ಮೀಡಿಯಾದಲ್ಲಿ ಎಷ್ಟು ಕಾಟ ಕೊಟ್ಟರೆಂದರೆ, ನವೆಂಬರ್ 19ರಂದು ರಾಕ್‌ಸ್ಟಾರ್ ಕ್ಷಮೆ ಕೇಳಿ ಹೊರಡಿಸಿದ ಹೇಳಿಕೆಯಲ್ಲೇ ಅದನ್ನು ನಿಲ್ಲಿಸಿ ಅಂತ ಬರೆಯಬೇಕಾಯಿತು.

ನಮ್ಮೂರ ರಸ್ತೆ ನೆನಪಿಗೆ ಬಂತು. ಟೆಂಡರ್ ಒಬ್ಬರ ಹೆಸರಲ್ಲಿ, ಕೆಲಸ ತುಂಡು ಗುತ್ತಿಗೆಯವರದ್ದು. ಮೊದಲ ಮಳೆಗೆ ಡಾಂಬರು ಕಿತ್ತು ಬಂದಾಗ ನಾವೆಲ್ಲ ಸೇರಿ ಬೈದದ್ದು ಬಿಸಿಲಲ್ಲಿ ರೋಲರ್ ಓಡಿಸುತ್ತಿದ್ದ ಹುಡುಗನನ್ನು. ಎಷ್ಟು ದಪ್ಪ ಡಾಂಬರು ಹಾಕಬೇಕು ಅಂತ ತೀರ್ಮಾನ ಮಾಡಿದ್ದು ಅವನಲ್ಲ.

ಸ್ಟುಡಿಯೋದವರದ್ದು ತಪ್ಪೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಬೋರ್ಡ್ ಓದಿ ನೋಡುವುದು ಕಷ್ಟದ ಕೆಲಸವೇನಲ್ಲ. ಆದರೆ ಮೂರು ದೊಡ್ಡ ಆಟಗಳನ್ನು ಒಂದೇ ದಿನ ಬಿಡಬೇಕು, ಬೆಲೆ 60 ಡಾಲರ್ ಇಡಬೇಕು, ಹೀಗೇ ಬಿಟ್ಟರೂ ನಡೆಯುತ್ತದೆ ಅಂತ ತೀರ್ಮಾನ ಮಾಡಿದ್ದು ಮೇಲಿನವರು. ಬೆಲೆ ಮತ್ತು ತಾರೀಖು ಯಾರ ಕೈಯಲ್ಲಿತ್ತೋ ಹೊಣೆಯ ದೊಡ್ಡ ಪಾಲು ಅವರದ್ದೇ ಅಂತ ನಮ್ಮ ಅಭಿಪ್ರಾಯ. ಅವರು ಆ ಹೊಣೆ ಹೊತ್ತದ್ದು ಹೇಗೆ ನೋಡಿ. ರಾಕ್‌ಸ್ಟಾರ್‌ನ ಒಡೆತನ ಇರುವ ಟೇಕ್-ಟೂ ಕಂಪನಿಯ ಮುಖ್ಯಸ್ಥರು ಟಿವಿ ಸಂದರ್ಶನದಲ್ಲಿ ಇದು ಶುರುವಿನಲ್ಲಿ ಬಂದ ಒಂದು ತೊಡಕು, ಸರಿಯಾಯಿತು, ಆಟದಿಂದ ಕಂಪನಿಗೆ ಒಳ್ಳೆಯದೇ ಆಗಿದೆ ಅನ್ನುವ ಧಾಟಿಯಲ್ಲಿ ಮಾತಾಡಿ ಮುಗಿಸಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅನ್ನುವ ಮಾತಿಗೆ ಇದಕ್ಕಿಂತ ಉದಾಹರಣೆ ಬೇಕೇ? ಬೇಕಾದರೆ ಸೈಲೆಂಟ್ ಹಿಲ್ ಎಂಬ ಭಯದ ಆಟದ ಕಥೆ ಇದೆ. 2012ರಲ್ಲಿ ಕೊನಾಮಿ ಕಂಪನಿ ಅದರ ಎರಡು ಹಳೇ ಆಟ ಸೇರಿಸಿ ಎಚ್‌ಡಿ ಕಟ್ಟು ತಂದಿತು. ಆದರೆ ಆ ಆಟಗಳ ಕೊನೆಯ ಸರಿಯಾದ ಕೋಡ್ ಕಂಪನಿಯ ಬಳಿಯೇ ಉಳಿದಿರಲಿಲ್ಲ. ಗುತ್ತಿಗೆ ಹಿಡಿದವರ ಕೈಗೆ ಸಿಕ್ಕಿದ್ದು ಅರ್ಧಂಬರ್ಧ ಕೋಡ್. ಮೂಲ ತಂಡ ಹತ್ತು ವರ್ಷದ ಹಿಂದೆ ತಿದ್ದಿ ಮುಗಿಸಿದ್ದ ಬಗ್‌ಗಳನ್ನೇ ಇವರು ಮತ್ತೆ ತಿದ್ದಬೇಕಾಯಿತು. ಅಲ್ಲೂ ಮಂಜೇ ಕೆಟ್ಟದ್ದು, ಮಂಜೇ ಪ್ರಾಣವಾಗಿದ್ದ ಆಟದಲ್ಲಿ. ಪತ್ರ ಕಳೆದವರು ಯಜಮಾನರು, ಮನೆ ಸರಿಯಾಗಿ ಕಟ್ಟಲಿಲ್ಲ ಅಂತ ಬೈಸಿಕೊಂಡದ್ದು ಮೇಸ್ತ್ರಿ.

ಇನ್ನು ಬೆಲೆಯ ಲೆಕ್ಕ. ಕೊಟ್ಟ ದುಡ್ಡಿಗೆ ಏನು ಬಂತು ಅಂತ ಎಲ್ಲರೂ ನೋಡುತ್ತಾರೆ. ಏನು ಹೋಯಿತು ಅಂತಲೂ ನೋಡಿ ಅನ್ನುತ್ತೇವೆ ನಾವು. ಕಸ್ತೂರಿ ನಿವಾಸಕ್ಕೆ ಬಣ್ಣ ಬಂತು ಅಂತ ಕಪ್ಪು ಬಿಳುಪಿನದ್ದನ್ನು ಯಾರೂ ಸುಟ್ಟುಹಾಕಲಿಲ್ಲ. ಇಲ್ಲಿ ಹೊಸ ಕಟ್ಟು ಬರುವ ಒಂದು ತಿಂಗಳು ಮೊದಲೇ, ಅಕ್ಟೋಬರ್‌ನಲ್ಲಿ, ಚೆನ್ನಾಗಿ ಓಡುತ್ತಿದ್ದ ಹಳೇ ಮೂರು ಆಟಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದರು. ಅದಕ್ಕೂ ಮುಂಚೆ ಸೆಪ್ಟೆಂಬರ್‌ನಲ್ಲಿ, ಜಿಟಿಎ 3 ಮತ್ತು ವೈಸ್ ಸಿಟಿಯ ಕೋಡನ್ನು ಬಿಡಿಸಿ ಹೊಸ ಯಂತ್ರಗಳಲ್ಲಿ ಓಡುವಂತೆ ಮಾಡಿದ್ದ ಅಭಿಮಾನಿಗಳ ಮೇಲೆ ಟೇಕ್-ಟೂ ಕೇಸ್ ಹಾಕಿತ್ತು. ಕೋಡ್ ಅವರ ಆಸ್ತಿ, ಕಾನೂನು ಅವರ ಕಡೆಗೇ ಇರಬಹುದು. ಆದರೆ ಹಳೇ ಸೇತುವೆ ಕೆಡವಿ, ದೋಣಿಯವನನ್ನೂ ಓಡಿಸಿ, ಹೊಸ ಸೇತುವೆಗೆ ಟೋಲ್ ಇಟ್ಟ ಹಾಗಾಯಿತು. ಆ ಸೇತುವೆಯೂ ಅಲುಗಾಡುತ್ತಿದೆ.

ಜನ ಗಲಾಟೆ ಮಾಡಿದ ಮೇಲೆ ಕ್ಷಮೆ ಕೇಳಿದ ಅದೇ ಹೇಳಿಕೆಯಲ್ಲಿ, ಹಳೇ ಆಟಗಳನ್ನು ತಮ್ಮ ಅಂಗಡಿಗೆ ಮರಳಿ ತರುತ್ತೇವೆ, ಕಂಪ್ಯೂಟರ್‌ಗೆ ಹೊಸದು ಕೊಂಡವರಿಗೆ ಅವು ಪುಕ್ಕಟೆ ಅಂದರು. ಈ ಇಡೀ ಕಥೆಯಲ್ಲಿ ಗಲಾಟೆಯಿಂದ ಒಳ್ಳೆಯದಾದದ್ದು ಇದೊಂದೇ ಅಂತ ನಮಗನ್ನಿಸುತ್ತದೆ. ಪ್ಯಾಚ್‌ಗಳು ಆಮೇಲೆ ಒಂದೊಂದಾಗಿ ಬಂದವು.

ತಿದ್ದಿಕೊಂಡವರೂ ಇಲ್ಲದಿಲ್ಲ. 2014ರ ನವೆಂಬರ್‌ನಲ್ಲಿ ಹೇಲೋ ಆಟಗಳ ಕಟ್ಟು ಬಂದಾಗ ಆನ್‌ಲೈನ್‌ನಲ್ಲಿ ಜೊತೆಗಾರರೇ ಸಿಗುತ್ತಿರಲಿಲ್ಲ. ಕಂಪನಿ ಕ್ಷಮೆ ಕೇಳಿತು, ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟಿತು, 2018ರಲ್ಲಿ ಮತ್ತೆ ಕೂತು ದೊಡ್ಡ ರಿಪೇರಿ ಮಾಡಿತು. ಇವತ್ತು ಅದನ್ನು ಹೊಗಳುವವರೇ ಹೆಚ್ಚು. ನಾಲ್ಕು ವರ್ಷ ಕಾಯಬೇಕಾಯಿತು ಅನ್ನುವುದನ್ನೂ ಬರೆದಿಡಬೇಕು.

ಜಿಟಿಎಯಲ್ಲೂ ಹಳೇ ಮಂಜು, ಹಳೇ ಬೆಳಕು ಕೊನೆಗೂ ಬಂದಿತು. 2023ರ ಡಿಸೆಂಬರ್‌ನಲ್ಲಿ ಫೋನಿನ ಆವೃತ್ತಿಗೆ ಮೊದಲು, ದುಡ್ಡು ಕೊಟ್ಟು ಕಾಯುತ್ತಿದ್ದ ಕಂಪ್ಯೂಟರ್ ಮತ್ತು ಕನ್ಸೋಲ್‌ನವರಿಗೆ 2024ರ ನವೆಂಬರ್‌ನಲ್ಲಿ. ಅದೇ ಅಪ್‌ಡೇಟ್‌ನಲ್ಲಿ ಆಟ ತೆರೆದಾಗ ಕಾಣುತ್ತಿದ್ದ ಗ್ರೋವ್ ಸ್ಟ್ರೀಟ್ ಗೇಮ್ಸ್ ಹೆಸರು ಮಾಯವಾಯಿತು. ನಾವು ಮಾಡಿಕೊಟ್ಟ ನೂರಾರು ತಿದ್ದುಪಡಿಗಳು ವರ್ಷಗಟ್ಟಲೆ ಆಟಗಾರರ ಕೈಗೆ ಹೋಗಲೇ ಇಲ್ಲ, ಈಗ ಹೆಸರನ್ನೂ ಅಳಿಸಿದರು ಅಂತ ಆ ಸ್ಟುಡಿಯೋದ ಮುಖ್ಯಸ್ಥರು ಬಹಿರಂಗವಾಗಿಯೇ ಸಿಟ್ಟು ಮಾಡಿಕೊಂಡರು. ಆಟ ಕೆಟ್ಟಿದ್ದಾಗ ಹೆಸರು ಎದುರಿಗಿತ್ತು, ಸರಿಯಾದಾಗ ಇಲ್ಲ.

ಹಾಗಾದರೆ ತಗೊಳ್ಳಬಹುದಾ ಅಂತ ಕೇಳುವ ತಮ್ಮಂದಿರಿಗೆ: ಈಗಿನ ಸ್ಥಿತಿಯಲ್ಲಿ ಆಡಬಹುದು, ಆದರೆ ಪೂರ್ತಿ ಬೆಲೆಗೆ ಬೇಡ. ಡಿಸ್ಕೌಂಟ್ ಬಂದಾಗ ನೋಡಿ, ಹಳೇ ಆವೃತ್ತಿ ಜೊತೆಗೆ ಸಿಗುತ್ತದೆಯೇ ಅಂತ ಮೊದಲು ಕೇಳಿ. ಹಳೇ ಸಿಡಿ ಯಾರ ಮನೆಯ ಅಟ್ಟದಲ್ಲಾದರೂ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಹೊಸ ವೈಸ್ ಸಿಟಿಯ ರೇಡಿಯೋದಲ್ಲಿ ಮೈಕಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್' ಇಲ್ಲ, ಮೊದಲ ಸಿಡಿಯಲ್ಲಿ ಇತ್ತು.