ಮೊದಲ ಬೈಕಿಗೆ ಮೊದಲ ಪರೀಕ್ಷೆ

ಬಸವೇಶ್ವರನಗರದ ಮನೆಯೊಂದರಲ್ಲಿ ಹದಿನೈದು ದಿನಗಳಿಂದ ಊಟದ ಹೊತ್ತಿಗೆ ಬೇರೆ ಮಾತಿಲ್ಲ. ಮಗನಿಗೆ ಹದಿನೆಂಟು ತುಂಬಿದೆ, ಕೆಂಗೇರಿಯ ಆಚೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಬೈಕು ಬೇಕು. ಅವನ ಮನಸ್ಸಿನಲ್ಲಿರುವುದು ಬುಲೆಟ್. ಅದಾಗದಿದ್ದರೆ ಕೆಟಿಎಂ. ಅದೂ ಆಗದಿದ್ದರೆ ಗೆಳೆಯನ ಅಣ್ಣ ಮಾರಲು ಇಟ್ಟಿರುವ ಹಳೆಯ ಆರ್‌ಎಕ್ಸ್ 100. ಅಪ್ಪನ ಪಟ್ಟಿಯಲ್ಲಿ ಇರುವುದು ಒಂದೇ ಹೆಸರು, ಸ್ಪ್ಲೆಂಡರ್. ಅಮ್ಮನ ಪಟ್ಟಿಯಲ್ಲಿ ಬೈಕೇ ಇಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ನೇರ ಕೆಂಗೇರಿಯಲ್ಲಿ ಇಳಿಯಬಹುದು, 2021ರಿಂದ ಆ ಅನುಕೂಲವಿದೆ, ಮತ್ತೇಕೆ ಈ ರಗಳೆ ಎಂಬುದು ಆಕೆಯ ವಾದ. ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ.

ಆಕೆ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ. ಅದೇ ರಸ್ತೆಯ ಕೊನೆಯ ಮನೆಯ ಕಾಂಪೌಂಡಿನಲ್ಲಿ ನೀಲಿ ಟಾರ್ಪಾಲು ಹೊದಿಸಿದ ಬೈಕೊಂದು ನಿಂತು ಆರು ವರ್ಷವಾಯಿತು. ಅದನ್ನು ಓಡಿಸುತ್ತಿದ್ದ ಹುಡುಗ ಈಗಿಲ್ಲ. ಮನೆಯವರು ಅದನ್ನು ಮಾರಿಲ್ಲ, ಗುಜರಿಗೂ ಹಾಕಿಲ್ಲ. ತರಕಾರಿಗೆಂದು ಹೋಗುವಾಗಲೂ ಬರುವಾಗಲೂ ಅದು ಆಕೆಯ ಕಣ್ಣಿಗೆ ಬೀಳುತ್ತದೆ.

ಭಾನುವಾರ ಹುಡುಗನ ಸೋದರಮಾವ ಬಂದರು. ವಿಜಯನಗರದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು. ಕಾಫಿ ಕುಡಿಯುತ್ತಾ ಮೂವರ ಮಾತನ್ನೂ ಕೇಳಿಸಿಕೊಂಡು, ಎದ್ದು ಪಕ್ಕದ ಮನೆಯವರ ಬುಲೆಟ್ ಕೇಳಿ ತಂದರು. ಈ ಕಡೆಯ ಬಡಾವಣೆಗಳಲ್ಲಿ ಮನೆಯ ಮುಂದಿನ ಮೋರಿಯ ಮೇಲೆ ಒಂದು ಇಳಿಜಾರಿನ ಚಪ್ಪಡಿ ಇರುತ್ತದಲ್ಲ, ಅದರ ಕೆಳಗೆ ಗಾಡಿ ನಿಲ್ಲಿಸಿ, "ಸ್ಟಾರ್ಟ್ ಮಾಡಬೇಡ ಕಣೋ. ತಳ್ಳಿಕೊಂಡು ಒಳಗೆ ತಂದು ನಿಲ್ಲಿಸು, ಆಮೇಲೆ ಹಿಂದು ಹಿಂದಕ್ಕೆ ಇಳಿಸು," ಎಂದರು.

ಈಗಿನ 350 ಸಿಸಿ ಬುಲೆಟ್ಟಿನ ತೂಕ ಸುಮಾರು 195 ಕಿಲೋ. ಹತ್ತಿಸುವಾಗ ಹುಡುಗ ಹೇಗೋ ಉಸಿರು ಬಿಗಿಹಿಡಿದು ಹತ್ತಿಸಿದ. ಇಳಿಸುವಾಗ ಅರ್ಧದಲ್ಲಿ ಹ್ಯಾಂಡಲ್ ಒಂದಿಷ್ಟು ತಿರುಗಿತು, ಗಾಡಿ ಆಚೆ ಬದಿಗೆ ವಾಲಿತು. ವಾಲಿದ ಮೇಲೆ ಅದನ್ನು ತಡೆಯುವುದು ಅವನ ಕೈಯಲ್ಲಿ ಇರಲಿಲ್ಲ. ಮಾವ ಹಿಂದಿನ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದರಿಂದ ಗಾಡಿ ಗೋಡೆಗೆ ಒರಗಿ ಉಳಿಯಿತು. ಪಕ್ಕದ ಮನೆಯವರ ಮುಖ ನೋಡುವಂತಿತ್ತು.

ಆಮೇಲೆ ಮಾವ ತಮ್ಮ 125 ಸಿಸಿ ಗಾಡಿಯನ್ನು ಕೊಟ್ಟರು. 120 ಕಿಲೋದ ಆಸುಪಾಸಿನದು. ಹುಡುಗ ಎರಡು ಸಲ ಹತ್ತಿಸಿ ಇಳಿಸಿದ. ಸೀಟಿನ ಮೇಲೆ ಕುಳಿತಾಗ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರಿದವು. ಶೋರೂಮಿನ ನುಣುಪು ಟೈಲ್ಸಿನ ಮೇಲೆ ನಿಂತ ಬೈಕು ನೋಡುವವರಿಗೆ ಈ ಪರೀಕ್ಷೆ ಹೊಳೆಯುವುದೇ ಇಲ್ಲ. ಹೊಸ ಸವಾರರು ಬೀಳುವುದು ಹೆಚ್ಚಾಗಿ ವೇಗದಲ್ಲಲ್ಲ. ಗೇಟಿನ ಬಳಿ, ಯೂ ಟರ್ನಿನಲ್ಲಿ, ಸಿಗ್ನಲ್ಲಿನಲ್ಲಿ ಕಾಲೂರಿದ ಕಡೆ ಗುಂಡಿ ಇದ್ದಾಗ.

ಆ ಹುಡುಗನ ದಿನದ ದಾರಿಯನ್ನೇ ನೋಡಿದರೂ ಸಾಕು. ಮಾಗಡಿ ರಸ್ತೆ ಸೇರಿ, ಸುಮನಹಳ್ಳಿಯಲ್ಲಿ ಹೊರವರ್ತುಲ ರಸ್ತೆಗೆ ತಿರುಗಿ, ನಾಗರಭಾವಿ ದಾಟಿ, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಇಳಿದರೆ ಅಲ್ಲಿಂದ ಕೆಂಗೇರಿಯವರೆಗೆ ಮೆಟ್ರೋ ಕಂಬಗಳ ಬದಿಯ ಪಯಣ. ಬೆಳಿಗ್ಗೆ ಎಂಟೂವರೆಗೆ ಇದರಲ್ಲಿ ಬಹುಪಾಲು ಮೊದಲ ಎರಡು ಗೇರಿನ ದಾರಿ. ಕ್ಲಚ್ ಹಿಡಿದು ಬಿಟ್ಟು ಎಡಗೈ ಸೋಲುತ್ತದೆ, ಬಸ್ಸು ಎಡಕ್ಕೆ ಒತ್ತಿದಾಗ ರಸ್ತೆಯಂಚಿನ ಮರಳಿನ ಮೇಲೆ ನಿಲ್ಲಬೇಕಾಗುತ್ತದೆ. ಅಲ್ಲಿ ಬೇಕಾದದ್ದು ಹಗುರ ಕ್ಲಚ್ಚು, ಕಿರಿದಾದ ಹ್ಯಾಂಡಲ್, ನೆಲಕ್ಕೆ ಎಟುಕುವ ಕಾಲು. ಹೆದ್ದಾರಿಯ ಕನಸಿಗೆಂದು ದೊಡ್ಡ ಎಂಜಿನ್ ಕೊಳ್ಳುವವರು ಇನ್ನೊಂದನ್ನು ಮರೆಯುತ್ತಾರೆ: ಮೈಸೂರಿನ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ನಿಷೇಧಿಸಲಾಯಿತು. ಎಷ್ಟೇ ಸಿಸಿ ಇರಲಿ, ಸರ್ವಿಸ್ ರಸ್ತೆಯೇ ಗತಿ.

ಸಿಸಿ ಎಂಬುದನ್ನೂ ಜನ ತಪ್ಪಾಗಿ ಅಳೆಯುತ್ತಾರೆ. ಅದು ಎಂಜಿನ್ನಿನ ಹೊಟ್ಟೆಯ ಗಾತ್ರ, ಸಿಟ್ಟಿನ ಅಳತೆಯಲ್ಲ. 350 ಸಿಸಿ ಬುಲೆಟ್ಟಿಗೆ ಸುಮಾರು 20 ಅಶ್ವಶಕ್ತಿ. 2012ರಲ್ಲಿ ಇಲ್ಲಿಗೆ ಬಂದ 200 ಸಿಸಿ ಕೆಟಿಎಂ ಡ್ಯೂಕ್‌ಗೆ 25, ಅದೂ ಬುಲೆಟ್ಟಿಗಿಂತ ಬಹಳ ಹಗುರವಾದ ಮೈಯಲ್ಲಿ. ಸ್ಪ್ಲೆಂಡರಿಗೆ ಎಂಟು. ಹೊಸಬರು ಬೆದರಿದಾಗ ಈ ಅಂಕಿಗಳ ಅರ್ಥ ತಿಳಿಯುತ್ತದೆ. ಹೆದರಿದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ. ಬೈಕಿನಲ್ಲಿ ಬಲಗೈಗೆ ಸಿಕ್ಕಿರುವುದು ಆಕ್ಸಿಲರೇಟರು. ಗಾಡಿ ಮುಂದಕ್ಕೆ ಚಿಮ್ಮಿದಂತೆ ಮೈ ಹಿಂದಕ್ಕೆ ಜಗ್ಗುತ್ತದೆ, ಮೈಯ ಜೊತೆ ಮಣಿಕಟ್ಟು ಇನ್ನಷ್ಟು ತಿರುಗುತ್ತದೆ. ಎಂಟು ಹತ್ತು ಅಶ್ವಶಕ್ತಿಯ ಎಂಜಿನ್ ಆ ತಪ್ಪನ್ನು ಕ್ಷಮಿಸಿ ಸ್ವಲ್ಪ ಸಮಯ ಕೊಡುತ್ತದೆ. ಇಪ್ಪತ್ತೈದರದು ಕೊಡುವುದಿಲ್ಲ.

ಯೂರೋಪಿನಲ್ಲಿ ಈ ಕಾರಣಕ್ಕೇ ಲೈಸೆನ್ಸಿಗೆ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ 125 ಸಿಸಿ ಮತ್ತು ಸುಮಾರು 15 ಅಶ್ವಶಕ್ತಿಯ ಮಿತಿ, ಎರಡನೆಯದರಲ್ಲಿ ಸುಮಾರು 47, ಆಮೇಲಷ್ಟೇ ಮಿತಿಯಿಲ್ಲದ್ದು. ಜಪಾನಿನಲ್ಲೂ 400 ಸಿಸಿ ದಾಟಲು ಬೇರೆ ಲೈಸೆನ್ಸು ಬೇಕು. ಭಾರತದಲ್ಲಿ ಹದಿನೆಂಟು ತುಂಬಿದವನು ನೂರು ಸಿಸಿ ಬೈಕಿನಲ್ಲಿ ಎಂಟರ ಆಕಾರ ಸುತ್ತಿ ತೋರಿಸಿದರೆ ಸಿಗುವ ಗೇರು ಬೈಕಿನ ಲೈಸೆನ್ಸು ಸಾವಿರ ಸಿಸಿಯದಕ್ಕೂ ಸಲ್ಲುತ್ತದೆ. ಮೆಟ್ಟಿಲು ಕಟ್ಟುವ ಕೆಲಸವನ್ನು ಕಾನೂನು ಮನೆಯವರಿಗೆ ಬಿಟ್ಟಿದೆ. ಮನೆಯವರು ಅದನ್ನು ಶೋರೂಮಿನ ಸೇಲ್ಸ್ ಹುಡುಗನಿಗೆ ಬಿಡುತ್ತಾರೆ.

ಆರ್‌ಎಕ್ಸ್ 100ರ ಮಾತು ಬಂದಾಗ ಮಾವನ ಕಣ್ಣೂ ಹೊಳೆಯಿತು ಎನ್ನಬೇಕು. 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋದ ಆಸುಪಾಸಿನ ಮೈ. 1985ರಲ್ಲಿ ಬಂದ ಆ ಗಾಡಿಯ ಸದ್ದಿಗೆ ರಾಜಾಜಿನಗರದ ಒಂದು ತಲೆಮಾರೇ ಮರುಳಾಗಿತ್ತು. ಆದರೆ 1996ರಲ್ಲಿ ತಯಾರಿಕೆ ನಿಂತ ಬೈಕದು. ಸಿಗುವುದೆಲ್ಲ ಸವಾರನಿಗಿಂತ ಹಿರಿಯ ವಯಸ್ಸಿನದು, ಓಡುವಷ್ಟು ಚೆನ್ನಾಗಿ ನಿಲ್ಲುವುದಿಲ್ಲ, ಮುಂದಿನದೂ ಡ್ರಮ್ ಬ್ರೇಕು. "ಓಡಿಸೋಕೆ ಬಂದಮೇಲೆ ತಗೋ, ನಾನೇ ರಿಪೇರಿ ಮಾಡಿಕೊಡ್ತೀನಿ," ಎಂದು ಆ ಬಾಗಿಲು ಮುಚ್ಚಿದರು.

ಅಪ್ಪ ಗೆದ್ದೆವೆಂದುಕೊಂಡು, "ನಾನು ಹೇಳಿದ್ದೂ ಅದೇ," ಎಂದರು. "ಭಾವ, ನೀವು ಮೊದಲು ಓಡಿಸಿದ್ದು ಯೆಜ್ಡಿ," ಎಂದು ಮಾವ ನೆನಪಿಸಿದರು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಆ 250 ಸಿಸಿ ಗಾಡಿಗಳಲ್ಲಿ ಕಿಕ್ಕರೇ ಗೇರಿನ ಕಡ್ಡಿಯೂ ಆಗಿತ್ತು. ಅದನ್ನು ಸರಿಯಾಗಿ ಮಡಚದೆ ನವರಂಗ್ ಬಳಿ ಅಪ್ಪ ಬಿದ್ದ ಕಥೆ ಮಗನಿಗೆ ಆವತ್ತೇ ತಿಳಿದದ್ದು. ಆಗ ರಸ್ತೆಯಲ್ಲಿ ಹಿಂದಿನಿಂದ ಬರುವವರು ಕಡಿಮೆ ಇದ್ದರು, ಎದ್ದು ಬಂದರು, ಅಷ್ಟೆ.

ಸ್ಪ್ಲೆಂಡರ್ ಬೇಡವೆನ್ನಲು ಮಾವನಿಗೂ ಕಾರಣ ಸಿಗಲಿಲ್ಲ. 1994ರಿಂದ ಓಡುತ್ತಿರುವ ಗಾಡಿ, ಯಾವ ಮೂಲೆಯ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುತ್ತದೆ. ಆದರೆ ಸುಮನಹಳ್ಳಿಯ ಮೇಲ್ಸೇತುವೆಯಲ್ಲಿ ಲಾರಿಗಳ ನಡುವೆ ಸಿಕ್ಕಿದಾಗ ಇನ್ನೊಂದಿಷ್ಟು ಕಸುವಿದ್ದರೆ ಒಳ್ಳೆಯದೆಂದು ಅವರು 125ರ ಪರ ನಿಂತರು. ಮುಂದೆ ಡಿಸ್ಕ್ ಬ್ರೇಕು ಇರಲೇಬೇಕೆಂದು ಹಟ ಹಿಡಿದರು. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ. ಬ್ರೇಕನ್ನು ಅದುಮಿ ಹಿಡಿದರೂ ಚಕ್ರ ಕಟ್ಟಿಕೊಂಡು ಜಾರದಂತೆ ಅದು ನೋಡಿಕೊಳ್ಳುತ್ತದೆ. ಅದಕ್ಕಿಂತ ಚಿಕ್ಕವಕ್ಕೆ ಅದೇ ಆದೇಶದಲ್ಲಿ ಕನಿಷ್ಠ ಸಿಬಿಎಸ್, ಅಂದರೆ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿತ. ಹೊಸಬರ ಕಾಲು ಹಿಂದಿನ ಬ್ರೇಕನ್ನಷ್ಟೇ ತುಳಿಯುವುದರಿಂದ ಇದೂ ಸಣ್ಣ ಉಪಕಾರವಲ್ಲ.

ಕೊನೆಗೆ ಕೊಂಡದ್ದು ಹೊಸದಲ್ಲ. ಮೊದಲ ವರ್ಷ ಗೀಚು ಬೀಳುವುದು ಖಚಿತ, ಆ ಗೀಚನ್ನು ಹೊಸ ಬಣ್ಣದ ಮೇಲೇಕೆ ಬೀಳಿಸಬೇಕು? ರಾಜಾಜಿನಗರದ ಕಚೇರಿ ನೌಕರರೊಬ್ಬರ ನಾಲ್ಕು ವರ್ಷದ ಕೆಎ-02 ಗಾಡಿ. ಬೆಳಿಗ್ಗೆ ಆರಕ್ಕೇ ಹೋಗಿ, ಮಾವ ಮೊದಲು ಮಾಡಿದ್ದು ಎಂಜಿನ್ ಮೇಲೆ ಅಂಗೈ ಇಟ್ಟದ್ದು. ಕೊಳ್ಳುವವರು ಬರುವ ಮುಂಚೆ ಎಂಜಿನ್ ಬಿಸಿಯಾಗಿದ್ದರೆ ತಣ್ಣಗಿದ್ದಾಗ ಅದು ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲವೆಂಬ ಸಂಶಯ. ತಣ್ಣಗಿತ್ತು. ಮುಂದಿನ ಫೋರ್ಕಿನಲ್ಲಿ ಆಯಿಲ್ ಜಿನುಗಿದೆಯೇ, ಸ್ಪ್ರಾಕೆಟ್ಟಿನ ಹಲ್ಲು ಸವೆದು ಚೂಪಾಗಿದೆಯೇ ನೋಡಿ, ಚಾಸಿಸ್ ನಂಬರನ್ನು ಆರ್‌ಸಿಯೊಡನೆ ಒಂದೊಂದೇ ಅಂಕಿ ತಾಳೆ ಹಾಕಿ, ಬ್ಯಾಂಕ್ ಸಾಲ ತೀರಿದ ಗುರುತು ಕೇಳಿದರು.

ಉಳಿದ ಹಣದಲ್ಲಿ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಬಂದವು. ಕಲಿಕಾ ಲೈಸೆನ್ಸ್ ಇರುವವರೆಗೆ ಕಲಿಸುವವರ ಹೊರತು ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೂವತ್ತು ದಿನ ಕಳೆಯುವವರೆಗೆ ಟೆಸ್ಟಿಗೂ ಹೋಗುವಂತಿಲ್ಲ. ಅಲ್ಲಿಯವರೆಗೆ ಹುಡುಗ ಕಾಲೇಜಿಗೆ ಮೆಟ್ರೋದಲ್ಲೇ ಹೋಗುತ್ತಾನೆ; ಬೆಳಗಿನ ಜಾವ ಮಾವನ ಜೊತೆ ಅಭ್ಯಾಸ. ಎರಡನೆಯ ಹೆಲ್ಮೆಟ್ ಫ್ರಿಜ್ಜಿನ ಮೇಲೆ ಕುಳಿತಿದೆ. ಅದನ್ನು ತಮ್ಮ ತಲೆಯ ಅಂದಾಜಿಗೆ ತಂದಿದ್ದೆಂದು ಅಮ್ಮನಿಗೆ ಇನ್ನೂ ಯಾರೂ ಹೇಳಿಲ್ಲ.